ಕೊಕ್ಕೆಯಿಲ್ಲದ ಅರ್ಥತಜ್ಞ

ಊಟ ಬಲ್ಲವನಿಗೆ ರೋಗವಿಲ್ಲ, ಅರ್ಥ್ ಬಲ್ಲವನಿಗೆ ಶಾಕಿಲ್ಲ. ಈ ಗಾದೆಯ ಮೊದಲರ್ಧ ಹಿರಿಯರದು, ಎರಡನೆಯರ್ಧ ಫ್ಯೂಸಣ್ಣನದು. ಹಿರಿಯರು ಆ ಜಾಗದಲ್ಲಿ ಮಾತು, ಜಗಳ ಅಂತ ಇನ್ನೇನೋ ಹೇಳಿದ್ದರಂತೆ. ಪಾಪ, ಅವರ ಕಾಲದಲ್ಲಿ ಕರೆಂಟಿರಲಿಲ್ಲ, ಜಗಳವಾಡಿಕೊಂಡೇ ಬೆಚ್ಚಗಿರುತ್ತಿದ್ದರು. ಅದಿರಲಿ. ಈಗ ಹೇಳಹೊರಟಿರುವುದು ಗಾದೆಯಲ್ಲ, ನಡೆದ ಸಂಗತಿ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ಒಂದು ಕೊಕ್ಕೆ ಮಾತ್ರ ಕಾಣೆಯಾಗಿದೆ. ಕಥೆ ಆ ಕೊಕ್ಕೆಯದೇ. ಸುಳ್ಳೆಂದವರ ಮನೆಯ ಫ್ಯೂಸ್ ಹಾರಲಿ.

ಫ್ಯೂಸಣ್ಣ ಮೂವತ್ತು ವರ್ಷದಿಂದ ಎಲೆಕ್ಟ್ರಿಷಿಯನ್. ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಎಂದೋ ಸುಟ್ಟುಹೋಗಿ, ಅದರ ಜಾಗಕ್ಕೆ ಜನ ಈ ಹೆಸರನ್ನು ಹಾಕಿಕೊಂಡಿದ್ದರು. ಬಲ್ಬು ಬದಲಾಯಿಸಲು ಕರೆದರೂ ಅವನು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಅರ್ಥ್ ಇದೆಯಾ?"

ಗೊತ್ತಿಲ್ಲದವರಿಗೆ ವಿವರಿಸಿಯೂ ಹೇಳುತ್ತಿದ್ದ. "ನೋಡಿ, ವೈರು ಮೂರು. ಒಂದರಲ್ಲಿ ಕರೆಂಟ್ ಬರುತ್ತೆ, ಇನ್ನೊಂದರಲ್ಲಿ ಹೋಗುತ್ತೆ. ಮೂರನೇದು ಹಸಿರು ವೈರು. ಏನೂ ಕೆಲಸ ಮಾಡಲ್ಲ, ಸುಮ್ನೆ ನೆಲದೊಳಗೆ ಹೋಗಿ ಮಲಗಿರುತ್ತೆ. ಆದ್ರೆ ಕರೆಂಟು ದಾರಿ ತಪ್ಪಿದ ದಿನ ಅದನ್ನ ಕೈ ಹಿಡಿದು ಮಣ್ಣಿಗೆ ಕರ್ಕೊಂಡು ಹೋಗಿ ನಿಮ್ಮ ಜೀವ ಉಳಿಸೋದು ಅದೇ. ಮನೇಲಿ ಸುಮ್ನಿರೋರೇ ಮನೆ ಕಾಯೋರು."

ಕೊನೆಯ ವಾಕ್ಯವನ್ನು ಅವನು ಹೆಂಡತಿಗೂ ಕೇಳಿಸುವಂತೆ ಹೇಳುತ್ತಿದ್ದ. ಹೆಂಡತಿ ಅದನ್ನು ಮಣ್ಣಿಗೆ ಕಳಿಸಿಬಿಡುತ್ತಿದ್ದಳು.

ಇಷ್ಟು ವಿದ್ಯೆ ಇದ್ದರೂ ಬೀದಿಯವರು ಅವನನ್ನು ಕರೆಯುತ್ತಿದ್ದುದು "ಏ ಕರೆಂಟಿನೋನೇ" ಎಂದೇ. ಬೇಸತ್ತ ಫ್ಯೂಸಣ್ಣ ಒಂದು ದಿನ ಬೋರ್ಡ್ ಬರೆಯುವವನ ಬಳಿ ಹೋಗಿ, ತನ್ನ ಅಂಗಡಿಗೊಂದು ಬೋರ್ಡು ಬೇಕೆಂದ. ಬರೆಯಬೇಕಾದದ್ದು 'ಅರ್ಥ್ ತಜ್ಞರು'. ಬೋರ್ಡಿನವನಿಗೆ ಅವತ್ತು ಹಲ್ಲುನೋವು. ಒಂದು ಕೈ ಕೆನ್ನೆಯ ಮೇಲೆ, ಇನ್ನೊಂದು ಕೈ ಕುಂಚದ ಮೇಲೆ. ಥ ಬರೆದ. ಅದರ ತಲೆಯ ಮೇಲೆ ಕೊಕ್ಕೆ ಎಳೆಯಬೇಕು ಅನ್ನುವಷ್ಟರಲ್ಲಿ ಹಲ್ಲು ಝುಂ ಅಂದಿತು. ಕೊಕ್ಕೆ ಅವನ ದವಡೆಯಲ್ಲೇ ಉಳಿಯಿತು. ಮರುದಿನ ಅಂಗಡಿಯ ನೆತ್ತಿಯ ಮೇಲೆ ಮಾರುದ್ದದ ಹಳದಿ ಬೋರ್ಡು, ಕೆಂಪು ಅಕ್ಷರ: 'ಅರ್ಥ ತಜ್ಞರು'.

ಬೋರ್ಡಿನವನು ಬಿಟ್ಟ ಕೊಕ್ಕೆಯನ್ನು ಊರವರೆಲ್ಲ ಸೇರಿ ಹಾಕತೊಡಗಿದರು.

ಮೊದಲು ಬಂದವರು ನಿವೃತ್ತ ಪೋಸ್ಟ್‌ಮಾಸ್ಟರು. "ಏನಪ್ಪಾ ತಜ್ಞ, ಪೆನ್ಷನ್ ಹಣಾನ ಎಲ್ಲಿಟ್ರೆ ಕ್ಷೇಮ?"

"ನೀರು ಬೀಳದ ಕಡೆ ಇಡಿ ಸಾರ್. ಗೋಡೆಗೆ ತಾಗಿಸ್ಬೇಡಿ, ತೇವ ಹಿಡಿಯುತ್ತೆ."

ಎರಡನೆಯವರು ಭಾಷೆಯ ಮೇಷ್ಟ್ರು. ಕೈಯಲ್ಲೊಂದು ಹಳೆಯ ಪದ್ಯ. "ಇದರ ಅರ್ಥ ಸ್ವಲ್ಪ ನೋಡ್ತೀರಾ?"

ಫ್ಯೂಸಣ್ಣ ಹಾಳೆಯನ್ನು ಮೇಲಿಂದ ಕೆಳಗೆ ಅಳೆದ. "ತುಂಬಾ ಉದ್ದ ಇದೆ ಮೇಷ್ಟ್ರೇ. ಇಷ್ಟು ಉದ್ದಕ್ಕೆ ಒಂದು ಸಾಕಾಗಲ್ಲ, ಎರಡು ಅರ್ಥ್ ಕೊಡ್ಬೇಕು."

"ಎರಡರ್ಥವೇ! ಈ ಪದ್ಯಕ್ಕೇ!" ಮೇಷ್ಟ್ರು ಕೆಂಪಗಾಗಿ ಆಚೀಚೆ ನೋಡಿ, ಪದ್ಯವನ್ನು ಮಡಿಸಿ ಅಂಗಿಯೊಳಗೆ ಹಾಕಿಕೊಂಡು ಹೋದರು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮೂರು ಸಲ ಓದಿದರಂತೆ.

ಮೂರನೆಯವನು ಪಕ್ಕದ ಮನೆಯ ಹೊಸ ಮದುವೆಯ ಗಂಡು. "ಅಣ್ಣಾ, ನಿನ್ನೆಯಿಂದ ನಮ್ಮನೆಯವಳು ಒಂದು ಮಾತೂ ಆಡಿಲ್ಲ. ಇದಕ್ಕೇನರ್ಥ?"

"ಮೇನ್ ಆಫ್ ಆಗಿದೆ ಅಂತ ಅರ್ಥ. ಕರೆಂಟ್ ಇಲ್ಲ ಅಂದ್ಕೊಂಡು ಮುಟ್ಟೋಕೆ ಹೋಗ್ಬೇಡ."

ಹೀಗೆ ಫ್ಯೂಸಣ್ಣ ಬಂದವರಿಗೆಲ್ಲ ಉತ್ತರ ಕೊಟ್ಟ. ಒಂದು ಉತ್ತರಕ್ಕೂ ತಡವರಿಸಲಿಲ್ಲ. ತಡವರಿಸುವುದು ಅನುಮಾನ ಇರುವವರ ಕೆಲಸ.

ನಗು ಬೀದಿ ದಾಟಿ ಮನೆಯ ಬಾಗಿಲಿಗೆ ಬಂದಾಗ ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ರೀ, ನಲ್ಲಿ ಹತ್ರ ಹೋದ್ರೆ 'ಅರ್ಥ ತಜ್ಞರ ಮನೆಯೋರು ಬಂದ್ರು, ಜಾಗ ಬಿಡ್ರೇ' ಅಂತ ನಗ್ತಾರೆ. ನಂಗಾಗಲ್ಲ. ಭಾನುವಾರದೊಳಗೆ ಆ ಬೋರ್ಡ್ ಇಳೀಬೇಕು."

"ಬೋರ್ಡ್ ಇಳಿಯಲ್ಲ. ಮೂವತ್ತು ವರ್ಷ ಕರೆಂಟಿನೋನು ಅನ್ನಿಸ್ಕೊಂಡಿದ್ದೀನಿ ಕಣೇ. ಅದೊಂದೇ ಹಲಗೆ ನನ್ನನ್ನ ತಜ್ಞ ಅನ್ನೋದು."

"ಹಲಗೆ ಅಂದ್ರೆ ಸಾಕಾ? ಒಬ್ಬ ಓದಿದ ಮನುಷ್ಯ, ಒಬ್ಬೇ ಒಬ್ಬ, ನಾಲ್ಕು ಜನರೆದುರು ನಿಮ್ಮನ್ನ ತಜ್ಞ ಅಂತ ಬಾಯ್ತುಂಬ ಕರೀಲಿ. ಆಗ ಬೋರ್ಡ್ ಅಲ್ಲೇ ಇರ್ಲಿ, ನಾನೇ ದಿನಾ ಒರೆಸ್ತೀನಿ. ಇಲ್ಲಾಂದ್ರೆ ಭಾನುವಾರ ಅದು ಬಚ್ಚಲ ಒಲೆಗೆ."

"ಆಗ್ಲಿ," ಅಂದ ಫ್ಯೂಸಣ್ಣ. ಅಂದು ಗುರುವಾರ.

ಈ ಒಪ್ಪಂದಕ್ಕೆ ಒಬ್ಬ ಸಾಕ್ಷಿಯಿದ್ದ. ಹೆಂಡತಿಯ ತಮ್ಮ. ಊರ ಕಾಲೇಜಿನಲ್ಲಿ ಗುಮಾಸ್ತ, ಮನೆಯಲ್ಲಿ ಗಿಳಿ. ಗಿಳಿ ಎಂಬ ಹೆಸರು ಮೂಗಿನಿಂದ ಬಂದದ್ದಲ್ಲ, ಗಂಟಲಿನಿಂದ ಬಂದದ್ದು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಮರುಗಳಿಗೆಗೆ ಆ ದನಿ ಅವನ ಜೇಬಿನಲ್ಲಿ. ಕೆಮ್ಮುವ ಪ್ರಿನ್ಸಿಪಾಲರು, ಬಾಗಿಲು ಕಿರ್ ಅನ್ನುವ ಲೈಬ್ರರಿ, ಸ್ಟಾರ್ಟ್ ಆಗದ ಸ್ಕೂಟರು, ಎಲ್ಲ ಅವನ ಬಾಯಲ್ಲಿ ಬಾಡಿಗೆಗಿದ್ದವು. ಆಫೀಸಿನಲ್ಲಿ ಅವನನ್ನೂ 'ಅರ್ಥ ತಜ್ಞರ ಬಾಮೈದ' ಎಂದು ಕರೆಯತೊಡಗಿದ್ದರಿಂದ ಬೋರ್ಡು ಇಳಿಯುವುದು ಅವನಿಗೂ ಬೇಕಿತ್ತು. ಇಳಿಸುವ ದಾರಿಯೂ ಸಿದ್ಧವಾಗಿತ್ತು. ಶನಿವಾರ ಅವನ ಕಾಲೇಜಿನಲ್ಲಿ ಅರ್ಥಶಾಸ್ತ್ರಜ್ಞರ ದೊಡ್ಡ ವಿಚಾರ ಸಂಕಿರಣ.

ಶುಕ್ರವಾರ ಬೆಳಿಗ್ಗೆ ಫ್ಯೂಸಣ್ಣನ ಫೋನು ಬಡಿದುಕೊಂಡಿತು. ಆ ಕಡೆ ಶೀತವಾದ ಹೆಣ್ಣು ದನಿ.

"ನಮಸ್ಕಾರ. ಅರ್ಥತಜ್ಞರಾ? ನಾನು ಕಾಲೇಜಿನ ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥೆ. ನಾಳೆ ಹತ್ತು ಗಂಟೆಗೆ ನಮ್ಮ ಹಾಲಿನಲ್ಲಿ ಪ್ಯಾನೆಲ್ ಇದೆ. ನೀವು ಬರ್ಬೇಕು, ಸರಿತಾನೇ?"

ಅರ್ಥಕ್ಕೇ ಒಂದು ಶಾಸ್ತ್ರ, ಆ ಶಾಸ್ತ್ರಕ್ಕೊಂದು ವಿಭಾಗ ಇದೆ ಎಂದು ಫ್ಯೂಸಣ್ಣನಿಗೆ ಅಂದೇ ಗೊತ್ತಾದದ್ದು. ಎದ್ದು ನಿಂತ. "ಬರ್ತೀನಿ ಮೇಡಂ. ಪ್ಯಾನೆಲ್‌ನಲ್ಲಿ ಏನು ತೊಂದ್ರೆ?"

"ಒಬ್ಬರು ಕೈ ಕೊಟ್ಟಿದ್ದಾರೆ."

"ಅಯ್ಯೋ! ಪ್ಯಾನೆಲ್‌ಗೆ ಯಾಕೆ ಕೈ ಕೊಟ್ರು ಮೇಡಂ? ಕೈ ಸುಡ್ತಾ?"

ಆ ಕಡೆ ಒಂದು ಕ್ಷಣ ಮೂಗು ಒರೆಸಿಕೊಂಡ ಸದ್ದು. ಗಿಳಿ ನಗುವನ್ನು ಕರವಸ್ತ್ರಕ್ಕೆ ಕಟ್ಟುತ್ತಿದ್ದ.

"ಪ್ಯಾನೆಲ್ ಎಷ್ಟು ಹಳೇದು ಮೇಡಂ?"

"ಎಲ್ಲಾ ಅರವತ್ತು ದಾಟಿದವರೇ, ಸರಿತಾನೇ?"

"ಸರಿಯಲ್ಲ ಮೇಡಂ! ಅರವತ್ತು ದಾಟಿದ್ನೆಲ್ಲ ಇಟ್ಕೊಂಡ್ರೆ ಹಾಲಿಗೇ ಬೆಂಕಿ ಬೀಳುತ್ತೆ. ಕಿತ್ತು ಗುಜರಿಗೆ ಹಾಕ್ಬೇಕು. ಇರ್ಲಿ, ನಾನು ಬಂದು ಒಂದೊಂದನ್ನೇ ಬಿಚ್ಚಿ ನೋಡ್ತೀನಿ."

ಗಿಳಿಯ ಲೆಕ್ಕ ಸರಳವಾಗಿತ್ತು. ಭಾವ ಟೂಲ್‌ಬ್ಯಾಗ್ ಹೊತ್ತು ಬಾಗಿಲಿಗೆ ಬರುತ್ತಾನೆ. ಪ್ಯಾನೆಲ್ ಎಲ್ಲಿ ಎನ್ನುತ್ತಾನೆ. ಪಂಡಿತರು ನಗುತ್ತಾರೆ, ಕಾವಲಿನವನು ಓಡಿಸುತ್ತಾನೆ. ಭಾನುವಾರ ಬೋರ್ಡು ಬಚ್ಚಲಿಗೆ. ಇದರಲ್ಲಿ ಒಂದೇ ಒಂದು ಸಂಗತಿ ಅವನಿಗೆ ಗೊತ್ತಿರಲಿಲ್ಲ. ಪ್ಯಾನೆಲ್‌ಗೆ ಬರಬೇಕಿದ್ದ ಒಬ್ಬ ತಜ್ಞರು ಶನಿವಾರ ಹತ್ತು ಗಂಟೆಗೆ ನಿಜವಾಗಿಯೂ ಬರುವವರಿರಲಿಲ್ಲ. ಕ್ಷೇತ್ರದಲ್ಲೇ ಮೂವತ್ತು ವರ್ಷ ಸವೆಸಿದವರಂತೆ, ಸಭೆಗಳಿಗೆ ಬರುವುದೇ ಅಪರೂಪವಂತೆ. ಅವರ ಮುಖ ಕಂಡವರು ಕಾಲೇಜಿನಲ್ಲಿ ಒಬ್ಬರೂ ಇರಲಿಲ್ಲ.

ಶನಿವಾರ ಫ್ಯೂಸಣ್ಣ ಮದುವೆಯ ಕೋಟು ಹಾಕಿಕೊಂಡ. ಗುಂಡಿ ಹತ್ತಲಿಲ್ಲ, ಆದ್ದರಿಂದ ಕೋಟು ತುಂಬಾ ಓದಿದವರ ಕೋಟಿನ ಹಾಗೆ ತೆರೆದೇ ಇತ್ತು. ಜೇಬಿನಲ್ಲಿ ಟೆಸ್ಟರು, ದೂರದಿಂದ ಬೆಲೆಬಾಳುವ ಪೆನ್ನು. ಹೆಗಲಲ್ಲಿ ಕಪ್ಪು ಟೂಲ್‌ಬ್ಯಾಗು, ದೂರದಿಂದ ಲ್ಯಾಪ್‌ಟಾಪು. ಹಾಲಿನ ಬಾಗಿಲ ಮೇಜಿನ ಮುಂದೆ ನಿಂತು ಹೇಳಿದ: "ಪ್ಯಾನೆಲ್‌ಗೆ ಬಂದಿದ್ದೀನಿ. ಅರ್ಥ್ ತಜ್ಞ."

ಮೇಜಿನ ಹುಡುಗಿ ಎದ್ದು ನಿಂತಳು. ಫ್ಯೂಸಣ್ಣನ ಎದೆಗೊಂದು ಬ್ಯಾಡ್ಜು, ಕೈಗೊಂದು ಫೈಲು, ಫೈಲಿನೊಳಗೊಂದು ಪೆನ್ನು. ಅಷ್ಟರಲ್ಲಿ ಒಳಗಿನಿಂದ ಮುಖ್ಯಸ್ಥೆ ಮೇಡಂ ಓಡಿ ಬಂದರು, ಮೂಗು ಒರೆಸಿಕೊಳ್ಳುತ್ತಲೇ. "ಬಂದ್ರಾ! ಅಬ್ಬಾ, ಜೀವ ಬಂತು. ಎಲ್ರೂ ಕಾಯ್ತಿದ್ದಾರೆ. ನಿಮಗೆ ಕ್ಷೇತ್ರದಲ್ಲಿ ಮೂವತ್ತು ವರ್ಷದ ಅನುಭವ, ಸರಿತಾನೇ?"

"ಸರಿ ಮೇಡಂ. ಮೂವತ್ತು ವರ್ಷದಲ್ಲಿ ಏಣಿ ಇಳಿದೇ ಇಲ್ಲ."

"ಎಂಥ ಸಾಧನೆ!" ಎಂದುಕೊಂಡು ಮೇಡಂ ಅವನ ಮೊಣಕೈ ಹಿಡಿದು ನೇರ ವೇದಿಕೆಗೆ ಕರೆದೊಯ್ದರು.

ಕಂಬದ ಹಿಂದೆ ನಿಂತು ನಗಲು ಬಾಯಿ ತೆರೆದಿದ್ದ ಗಿಳಿಯ ಬಾಯಿ ತೆರೆದೇ ಉಳಿಯಿತು. ಸತ್ಯ ಹೇಳಿದರೆ ಮೇಡಂ ದನಿ ಕದ್ದ ಅಪರಾಧಕ್ಕೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಭಾವ ಬಾಯಿ ತೆರೆಯುತ್ತಾನೆ. ಅವನು ಎರಡೂ ಕೈಯೆತ್ತಿ 'ಇಳಿದು ಬನ್ನಿ, ಇಳಿದು ಬನ್ನಿ' ಎಂದು ಸನ್ನೆ ಮಾಡಿದ. ಫ್ಯೂಸಣ್ಣ ವೇದಿಕೆಯ ಮೇಲಿನಿಂದಲೇ ಅವನಿಗೆ ಕೈ ಬೀಸಿ, ಪಕ್ಕದವರಿಗೆ ಹೇಳಿದ: "ನನ್ನ ಬಾಮೈದ. ನನ್ನ ಕಂಡ್ರೆ ಬಲು ಪ್ರೀತಿ."

ವೇದಿಕೆಯ ಹಿಂದೆ ಬ್ಯಾನರು: 'ಆಘಾತಗಳ ಕಾಲದಲ್ಲಿ ಅರ್ಥ'. ಫ್ಯೂಸಣ್ಣನಿಗೆ ಓದಿ ಕಣ್ಣು ತುಂಬಿತು. ವಿದ್ಯುದಾಘಾತದ ಬಗ್ಗೆ ಇಷ್ಟು ಜನ ಸೇರಿದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಕುಳಿತು, ತನ್ನ ಮುಂದಿದ್ದ ಮೈಕಿನ ಸ್ಟ್ಯಾಂಡನ್ನು ಸರಿಮಾಡಲು ಮುಟ್ಟಿದ. ಬೆರಳು ಚುರ್ ಅಂದಿತು. ಓಹೋ, ಅಂದುಕೊಂಡ. ಪ್ಯಾನೆಲ್ ಕೆಟ್ಟಿರುವುದು ನಿಜ.

ಮೊದಲು ಮಾತಾಡಿದವರು ನಕ್ಷೆಯ ಪ್ರೊಫೆಸರು. ಪರದೆಯ ಮೇಲೆ ಒಂದು ಗೆರೆ ಏರಿತು, ಇಳಿಯಿತು, ಮತ್ತೆ ಏರಿತು. ಅವರು ಬೆವರು ಒರೆಸಿಕೊಂಡು, "ಈ ಏರಿಳಿತ ಯಾಕೆ, ಇದಕ್ಕೆ ಪರಿಹಾರವೇನು, ಇದೇ ನಮ್ಮ ಮುಂದಿರುವ ಪ್ರಶ್ನೆ" ಎಂದರು.

ಫ್ಯೂಸಣ್ಣನಿಗೆ ಅಯ್ಯೋ ಅನ್ನಿಸಿತು. ಇಷ್ಟು ವಯಸ್ಸಾದವರು, ಇಷ್ಟು ಸಣ್ಣ ವಿಷಯ ಗೊತ್ತಿಲ್ಲ. ಮೆಲ್ಲಗೆ ಹೇಳಿದ: "ಸ್ಟೆಬಿಲೈಸರ್ ಹಾಕ್ಸಿ ಸಾರ್."

ಮೈಕು ಮೆಲ್ಲಗಿನದನ್ನೂ ಬಿಡಲಿಲ್ಲ. ಹಾಲು ತಿರುಗಿ ನೋಡಿತು. ನಕ್ಷೆಯ ಪ್ರೊಫೆಸರು ಕನ್ನಡಕ ತೆಗೆದರು. "ತಾವು ಹೇಳ್ತಿರೋದು ಆಟೊಮ್ಯಾಟಿಕ್ ಸ್ಟೆಬಿಲೈಸರಾ?"

"ಆಟೊಮ್ಯಾಟಿಕ್ಕೇ ತಗೊಳ್ಳಿ. ಕೈಯಲ್ಲಿ ತಿರುಗಿಸೋದಾದ್ರೆ ತಿರುಗಿಸೋನು ನಿದ್ದೆ ಮಾಡ್ಬಿಡ್ತಾನೆ."

ಅರ್ಥಶಾಸ್ತ್ರದ ದಪ್ಪ ಪುಸ್ತಕಗಳಲ್ಲೂ ಆ ಹೆಸರಿನದೊಂದು ಇದೆಯಂತೆ. ಫ್ಯೂಸಣ್ಣನ ಪಾಲಿಗೆ ಅದು ಫ್ರಿಜ್ಜಿನ ಹಿಂದೆ ಗುಂಯ್‌ಗುಡುವ ಡಬ್ಬ. ಆದರೆ ಹಾಲಿನಲ್ಲಿ ಇನ್ನೂರು ಪೆನ್ನುಗಳು ಒಟ್ಟಿಗೆ ಓಡಿದ ಸದ್ದು ಕೇಳಿಸಿತು. 'ತಿರುಗಿಸುವವನು ನಿದ್ರಿಸುತ್ತಾನೆ' ಎಂದು ಹಿಂದಿನ ಸಾಲಿನ ಒಬ್ಬರು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು.

ಮುಂದಿನವರು ದೊಡ್ಡ ಪ್ರೊಫೆಸರು. ಬಿಳಿ ಕೂದಲನ್ನು ಒಂದೆಳೆಯೂ ಏಳದಂತೆ ಎಣ್ಣೆ ಹಚ್ಚಿ ಬಾಚಿದ್ದರು. ಮಾತಿಗೊಮ್ಮೆ 'ಅರ್ಥಾತ್' ಅನ್ನುವುದು ಅವರ ರೂಢಿ. "ಕರೆಂಟ್ ಅಕೌಂಟಿನಲ್ಲಿ ಕೊರತೆ ಇದೆ. ಅರ್ಥಾತ್, ಬರೋದಕ್ಕಿಂತ ಹೋಗೋದು ಜಾಸ್ತಿ. ಅರ್ಥಾತ್, ಶಾಕ್ ತಗುಲಿದಾಗ ಮೊದಲು ಬೀಳೋನು ಬಡವ. ಯಾಕೆ?"

ಈ ಮನುಷ್ಯ ಮಾತಿಗೊಮ್ಮೆ ಅರ್ಥ್ ಅರ್ಥ್ ಅನ್ನುತ್ತಾರೆ, ನಮ್ಮೋರೇ, ಅಂದುಕೊಂಡ ಫ್ಯೂಸಣ್ಣ. "ಬಡವರು ಬರಿಗಾಲಲ್ಲಿ ಇರ್ತಾರಲ್ಲ ಸಾರ್. ಕಾಲಿಗೆ ಏನಾದ್ರೂ ಇದ್ರೆ ತಾನೇ ಶಾಕ್ ತಡೆಯೋದು?"

ಚಪ್ಪಾಳೆ. ಒಬ್ಬರು ಎದ್ದೇ ನಿಂತರು. ಕಂಬದ ಹಿಂದೆ ಗಿಳಿ ಕೂತುಬಿಟ್ಟ.

"ಹಾಗಾದ್ರೆ ಇದರಲ್ಲಿ ಸರ್ಕಾರದ ಪಾತ್ರವೇನು?" ಕೇಳಿದರು ದೊಡ್ಡ ಪ್ರೊಫೆಸರು, ತುಸು ಮುನಿಸಿನಿಂದ. ಅವರ ಭಾಷಣಕ್ಕೆ ಇನ್ನೂ ಚಪ್ಪಾಳೆ ಬಿದ್ದಿರಲಿಲ್ಲ.

ಫ್ಯೂಸಣ್ಣನಿಗೆ ಸರ್ಕಾರ ಇಲ್ಲಿಗೇಕೆ ಬಂತೋ ತಿಳಿಯಲಿಲ್ಲ. ಆದರೂ ಕೇಳಿದವರಿಗೆ ಇಲ್ಲ ಅಂದವನಲ್ಲ. "ಫ್ಯೂಸಿನ ಥರ ಇರ್ಬೇಕು ಸಾರ್. ತಾನು ಸುಟ್ಟುಕೊಂಡು ಮನೆ ಉಳಿಸ್ಬೇಕು. ಮನೆ ಸುಟ್ಟು ತಾನು ಉಳ್ಕೊಂಡ್ರೆ ಅದು ಫ್ಯೂಸಲ್ಲ, ಮೋಸ."

ಈ ಸಲ ಚಪ್ಪಾಳೆಗೆ ಕಿಟಕಿಯ ಪಾರಿವಾಳಗಳು ಹಾರಿದವು. ದೊಡ್ಡ ಪ್ರೊಫೆಸರು ಮೇಜು ಗುದ್ದಿದರು. ಗ್ಲಾಸಿನ ನೀರು ಅವರ ಕೈಮೇಲೆ ಚೆಲ್ಲಿತು. "ಮಾತು ಚೆನ್ನಾಗಿದೆ! ಆದ್ರೆ ತಮ್ಮ ಮಾಡೆಲ್ ಯಾವುದು?"

"ಹಳೇ ಮಾಡೆಲ್ಲೇ ಸಾರ್. ಹೊಸವು ಮೊದಲ ಗುಡುಗಿಗೇ ಸುಟ್ಟು ಹೋಗ್ತವೆ."

"ಪುರಾವೆ? ಪುರಾವೆ ಎಲ್ಲಿದೆ?"

"ಇಲ್ಲೇ ಇದೆಯಲ್ಲ." ಫ್ಯೂಸಣ್ಣ ಜೇಬಿನಿಂದ ಬೆಲೆಬಾಳುವ ಪೆನ್ನು ತೆಗೆದ. ಅದರ ಮೂತಿಯನ್ನು ಮೈಕಿನ ಸ್ಟ್ಯಾಂಡಿಗೆ ಮುಟ್ಟಿಸಿದ. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ದೀಪ ಹತ್ತಿತು. ಅವನು ಎದ್ದು ನಿಂತು, ಮೂವತ್ತು ವರ್ಷದ ಅನುಭವವನ್ನೆಲ್ಲ ಒಂದು ದನಿಯಲ್ಲಿ ತುಂಬಿ ಹೇಳಿದ:

"ಸ್ವಾಮೀ, ಈ ಹಾಲಿಗೇ ಅರ್ಥ್ ಇಲ್ಲ!"

ಕೊಕ್ಕೆ ಅವನ ಬಾಯಲ್ಲಿತ್ತು. ಇನ್ನೂರು ಜನರ ಕಿವಿ ತಲುಪುವಷ್ಟರಲ್ಲಿ ಬಿದ್ದುಹೋಯಿತು.

"ಏನ್ರೀ?" ಮುಂದಿನ ಸಾಲಿನವರು ಎದ್ದರು. "ಇನ್ನೂರು ಜನ ಅರ್ಥಶಾಸ್ತ್ರಜ್ಞರು ಕೂತಿದ್ದೀವಿ! ಅರ್ಥ ಇಲ್ವಾ?"

"ಎಷ್ಟು ಜನ ಕೂತ್ರೇನು? ಒಬ್ರಿಗಾದ್ರೂ ಅರ್ಥ್ ಕನೆಕ್ಷನ್ ಇರ್ಬೇಕಲ್ಲ!"

"ಇದು ಅವಮಾನ!"

"ಅವಮಾನ ಅಲ್ಲ, ಅಪಾಯ! ಇಷ್ಟು ಹೊತ್ತು ನೀವು ಕೈಯಿಟ್ಟು ಮಾತಾಡಿದ್ದೆಲ್ಲಾ ಅರ್ಥ್ ಇಲ್ದೇನೇ!"

ಮೇಡಂ ಮೂಗಿನ ಕರವಸ್ತ್ರವನ್ನು ಹಣೆಗೇರಿಸಿದರು. ದೊಡ್ಡ ಪ್ರೊಫೆಸರು ಸಿಂಹದಂತೆ ಎದ್ದರು. "ನನಗೆ ಅರ್ಥದ ಪಾಠ ಹೇಳ್ತೀರಾ?" ಎಂದು ಫ್ಯೂಸಣ್ಣನ ಮುಂದಿದ್ದ ಸ್ಟ್ಯಾಂಡಿಗೆ ಒದ್ದೆ ಕೈ ಚಾಚಿದರು.

"ಮುಟ್ಬೇಡಿ ಸಾರ್!"

"ಮುಟ್ಟಬೇಡ ಅನ್ನೋಕೆ ನೀವ್ಯಾರು? ಮೈಕ್ ಯಾರಪ್ಪನ ಸ್ವತ್ತು? ಅರ್ಥಾ..."

ಹಿಡಿದರು. ಅಲ್ಲೇ ನಿಂತರು. "ಅರ್ಥಾ... ಅರ್ಥಾ... ಅರ್ಥಾ... ಅರ್ಥಾ..." ಬಾಚಿದ ಕೂದಲು ಒಂದೊಂದೇ ಎಳೆ ಎದ್ದು ನಿಂತು ಸಭೆಗೆ ವಂದಿಸಿತು. ಫ್ಯೂಸಣ್ಣ ಒಂದೇ ನೆಗೆತಕ್ಕೆ ಗೋಡೆ ತಲುಪಿ ಮೈಕಿನ ಪ್ಲಗ್ ಕಿತ್ತ. ಪ್ರೊಫೆಸರು ಕುರ್ಚಿಗೆ ಬಿದ್ದರು. ಆಮೇಲೆ ಅವರ ಬಾಯಿಂದ, ಬಾಕಿ ಉಳಿದದ್ದು, ಮೆಲ್ಲಗೆ ಹೊರಬಂತು:

"...ತ್."

"ಏನೂ ಆಗಿಲ್ಲ, ಚುರ್ ಅಂದಿದೆ ಅಷ್ಟೇ. ಕೈ ಒರೆಸ್ಕೊಳ್ಳಿ," ಎಂದು ಫ್ಯೂಸಣ್ಣ ಟೂಲ್‌ಬ್ಯಾಗ್ ತೆರೆದ. ಇನ್ನೂರು ಜನ ಲ್ಯಾಪ್‌ಟಾಪ್ ಬರುವುದೆಂದು ಕಾದರು. ಕಟಿಂಗ್ ಪ್ಲೇಯರ್ ಬಂತು. ಅವನು ಸೀದಾ ವೇದಿಕೆಯ ಹಿಂದಿನ ಗೋಡೆಗೆ ಹೋಗಿ, ಅಲ್ಲಿದ್ದ ಕಬ್ಬಿಣದ ಪೆಟ್ಟಿಗೆಯ ಬಾಗಿಲು ತೆಗೆದು, ಸಮಾಧಾನದ ಉಸಿರುಬಿಟ್ಟ. "ಹೂಂ. ಇಲ್ಲಿದೆ ನೋಡಿ ಪ್ಯಾನೆಲ್ಲು. ಬಂದಾಗಿನಿಂದ ಯಾರೂ ತೋರಿಸ್ಲೇ ಇಲ್ಲ."

ಹಸಿರು ವೈರಿನ ಬಾಲ ಹಿಡಿದು ಗೋಡೆಯುದ್ದಕ್ಕೂ ನಡೆದ. ನಾಲ್ಕು ಹೆಜ್ಜೆಗೆ ವೈರು ಮುಗಿದಿತ್ತು. ತುದಿಯನ್ನು ಯಾರೋ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದರು. ಉಳಿದ ತುಂಡು ಎಲ್ಲಿ ಎಂದು ತಲೆಯೆತ್ತಿ ನೋಡಿದ. 'ಆಘಾತಗಳ ಕಾಲದಲ್ಲಿ ಅರ್ಥ' ಎಂಬ ಬ್ಯಾನರಿನ ಎಡ ಮೂಲೆಯನ್ನು ಕಿಟಕಿಯ ಸರಳಿಗೆ ಬಿಗಿದು ಕಟ್ಟಿದ್ದುದು ಆ ಹಸಿರು ತುಂಡು.

"ಅರ್ಥ್ ಕತ್ತರಿಸಿ ಅರ್ಥಶಾಸ್ತ್ರದ ಬ್ಯಾನರ್ ಕಟ್ಟಿದಾರೆ! ಯಾರ್ರೀ ಇದನ್ನ ಕಟ್ಟಿದ್ದು?"

ಕಾಲೇಜಿನವರ ಕಣ್ಣೆಲ್ಲ ಕಂಬದ ಹಿಂದಕ್ಕೆ ಹೋಯಿತು. ಗಿಳಿ ಈಚೆ ಬಂದ. "ದಾರ ಸಾಲ್ಲಿಲ್ಲ ಭಾವ. ಅದು ಸುಮ್ನೆ ಗೋಡೆಗೆ ನೇತಾಡ್ತಿತ್ತು. ಏನೂ ಕೆಲಸ ಮಾಡ್ದೇ ಇರೋ ವೈರು ಅಂದ್ಕೊಂಡೆ..."

"ಮೂವತ್ತು ವರ್ಷದಿಂದ ಅದನ್ನೇ ಬಡ್ಕೋತಿದ್ದೀನಲ್ಲೋ, ಸುಮ್ನಿರೋರೇ ಮನೆ ಕಾಯೋರು ಅಂತ!"

ಆ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಒಬ್ಬರು ಪೆಟ್ಟಿಗೆ ಹಿಡಿದು ಏದುಸಿರು ಬಿಡುತ್ತಾ ನಿಂತರು. "ಕ್ಷಮಿಸಬೇಕು. ರೈಲು ತಪ್ಪಿಹೋಯ್ತು. ಪ್ಯಾನೆಲ್‌ಗೆ ಬರಬೇಕಾಗಿದ್ದ ತಜ್ಞ ನಾನು."

ಮೇಡಂ ಬಾಗಿಲು ನೋಡಿದರು, ಏಣಿಯಿಲ್ಲದೆ ಕುರ್ಚಿ ಹತ್ತಿ ವೈರು ಬಿಚ್ಚುತ್ತಿದ್ದವನನ್ನು ನೋಡಿದರು. "ಹಾಗಾದ್ರೆ ನೀವು ಯಾರು?"

"ನಾನು ಎಲೆಕ್ಟ್ರಿಷಿಯನ್ನು ಮೇಡಂ. ನೀವೇ ತಾನೇ ನಿನ್ನೆ ಫೋನ್ ಮಾಡಿದ್ದು? ಮಾತಿಗೊಮ್ಮೆ 'ಸರಿತಾನೇ, ಸರಿತಾನೇ' ಅಂದ್ರಿ."

"ನಾನು ಯಾವತ್ತೂ ಹಾಗೆ ಅನ್ನೋದೇ ಇಲ್ಲ, ಸರಿತಾನೇ?"

ಹಿಂದಿನ ಸಾಲು ಕಿಸಕ್ ಅಂದಿತು. ಮೇಡಂ ನಿಧಾನವಾಗಿ ಗಿಳಿಯ ಕಡೆ ತಿರುಗಿದರು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಪ್ರಿನ್ಸಿಪಾಲರ ಕೆಮ್ಮನ್ನು ಪ್ರಿನ್ಸಿಪಾಲರಿಗಿಂತ ಚೆನ್ನಾಗಿ ಕೆಮ್ಮಿದವನು ಯಾರೆಂದು ಅವರಿಗೆ ನೆನಪಿತ್ತು. ಗಿಳಿ ನಿಂತಲ್ಲೇ ಎಲ್ಲವನ್ನೂ ಒಪ್ಪಿಕೊಂಡ, ಅದೂ ಗಾಬರಿಯಲ್ಲಿ ಅರ್ಧ ತನ್ನ ದನಿಯಲ್ಲಿ, ಅರ್ಧ ಮೇಡಂ ದನಿಯಲ್ಲಿ. ಹಾಲು ಗೊಳ್ಳೆಂದಿತು.

ನಗದವನು ಒಬ್ಬನೇ. ಫ್ಯೂಸಣ್ಣ ಕುರ್ಚಿಯಿಂದ ಇಳಿದ. "ಅಂದ್ರೆ, ನನ್ನನ್ನ ಯಾರೂ ಕರೀಲೇ ಇಲ್ವಾ?" ಎದೆಯ ಬ್ಯಾಡ್ಜು ಬಿಚ್ಚಿ ಮೇಜಿನ ಮೇಲಿಟ್ಟ. ಫೈಲು ಇಟ್ಟ, ಫೈಲಿನ ಪೆನ್ನೂ ಇಟ್ಟ. "ಇರ್ಲಿ. ವೈರ್ ಜೋಡಿಸಿ ಹೋಗ್ತೀನಿ. ಅರ್ಧಕ್ಕೆ ಬಿಟ್ಟು ಹೋಗಿ ಅಭ್ಯಾಸ ಇಲ್ಲ." ನಾಳೆ ಭಾನುವಾರ. ಹಳದಿ ಬೋರ್ಡು ಬಚ್ಚಲ ಒಲೆಯಲ್ಲಿ ಚಟಪಟ ಅನ್ನುವುದು ಈಗಲೇ ಅವನ ಕಿವಿಗೆ ಬೀಳುತ್ತಿತ್ತು.

ಜೋಡಿಸಿದ. ಪ್ಲಗ್ ಹಾಕಿದ. ಟೆಸ್ಟರ್ ಮುಟ್ಟಿಸಿದ. ದೀಪ ಹತ್ತಲಿಲ್ಲ. ಟೂಲ್‌ಬ್ಯಾಗ್ ಹೆಗಲಿಗೇರಿಸಿ ಮೆಟ್ಟಿಲಿಳಿಯುವಷ್ಟರಲ್ಲಿ ಹಿಂದಿನಿಂದ ಮೈಕು ಗುಡುಗಿತು.

"ನಿಲ್ರೀ!"

ದೊಡ್ಡ ಪ್ರೊಫೆಸರು. ಕೂದಲು ಇನ್ನೂ ನಿಂತೇ ಇತ್ತು. ಸ್ಟ್ಯಾಂಡನ್ನು ಮೊದಲು ಒಂದು ಬೆರಳಿನಲ್ಲಿ ಮುಟ್ಟಿ ನೋಡಿ, ಆಮೇಲೆ ಎರಡರಲ್ಲಿ ಮುಟ್ಟಿ, ಕಡೆಗೆ ಧೈರ್ಯವಾಗಿ ಹಿಡಿದರು.

"ನಲವತ್ತು ವರ್ಷದಿಂದ ಶಾಕ್ ಬಗ್ಗೆ ಪಾಠ ಮಾಡ್ತಿದ್ದೀನಿ. ಹದಿನಾಲ್ಕು ಪುಸ್ತಕ ಬರೆದಿದ್ದೀನಿ. ಅದು ಹೇಗಿರುತ್ತೆ ಅಂತ ಗೊತ್ತಾಗಿದ್ದು ಇವತ್ತೇ. ನಾವೆಲ್ಲ ಇಲ್ಲಿ ಮಾತಾಡ್ತಾ ಕೂತಿದ್ವಿ, ಇವರೊಬ್ಬರು ಎದ್ದು ಪ್ಲಗ್ ಕಿತ್ತರು. ಈ ಹಾಲಿನಲ್ಲಿ ಅರ್ಥ ಇಲ್ಲ ಅಂತ ಕಂಡುಹಿಡಿದವರೂ ಇವರೇ, ಜೋಡಿಸಿದವರೂ ಇವರೇ. ನಿಜವಾದ ಅರ್ಥತಜ್ಞ ಅಂತ ಇಲ್ಲಿ ಇದ್ರೆ ಒಬ್ಬರೇ. ಅರ್ಥಾತ್, ಇವರು. ಬನ್ನಿ ಸ್ವಾಮಿ, ನಿಮ್ಮ ಕುರ್ಚಿಯಲ್ಲಿ ಕೂತ್ಕೊಳ್ಳಿ. ಚಹಾ ಕುಡಿದೇ ಹೋಗ್ಬೇಕು."

ಫ್ಯೂಸಣ್ಣ ಕುಳಿತ. ರೈಲು ತಪ್ಪಿಸಿಕೊಂಡ ತಜ್ಞರಿಗೆ ಕೊನೆಯ ಸಾಲಿನಲ್ಲಿ ಜಾಗ ಸಿಕ್ಕಿತು. ಗಿಳಿಗೆ ಶಿಕ್ಷೆಯಾಗಿ ಮೇಡಂ ಒಂದು ವರ್ಷ ಯಾರ ದನಿಯನ್ನೂ ತೆಗೆಯಕೂಡದೆಂದು ಅಪ್ಪಣೆ ಮಾಡಿದರು. ಒಂದೇ ಒಂದು ಸಲ ಬಿಟ್ಟು, ಎಂದು ಫ್ಯೂಸಣ್ಣ ವಿನಾಯಿತಿ ಕೇಳಿದ. ಯಾಕೆಂದರೆ ಸಾಕ್ಷಿ ಬೇಕಿತ್ತು.

ಆ ಒಂದು ಸಲ ಬಂದದ್ದು ಭಾನುವಾರ ಬೆಳಿಗ್ಗೆ, ಅಂಗಡಿಯ ಮುಂದೆ. ಬೀದಿಯವರೆಲ್ಲ ಬೋರ್ಡು ಇಳಿಯುವುದನ್ನು ನೋಡಲು ಸೇರಿದ್ದರು. ಪೋಸ್ಟ್‌ಮಾಸ್ಟರು ಕುರ್ಚಿಯನ್ನೇ ತಂದುಕೊಂಡಿದ್ದರು. ಹೆಂಡತಿ ಕೈಕಟ್ಟಿ ನಿಂತಿದ್ದಳು.

"ಓದಿದೋರು ಹೇಳಿದ್ರು ಅಂತ ನೀವು ಹೇಳಿದ್ರೆ ನಾನು ನಂಬಲ್ಲ. ಲೋ, ನೀನು ಹೇಳೋ. ನಿನ್ನ ದನಿಯಲ್ಲಿ ಹೇಳಿದ್ರೂ ನಂಬಲ್ಲ. ಅವರದ್ದೇ ದನಿಯಲ್ಲಿ ಹೇಳು."

ಗಿಳಿ ಕೆಮ್ಮಿ ಗಂಟಲು ಸರಿಮಾಡಿಕೊಂಡ. ತಲೆಗೂದಲನ್ನು ಎರಡೂ ಕೈಯಿಂದ ನಿಲ್ಲಿಸಿಕೊಂಡ. "ನಿಜವಾದ ಅರ್ಥತಜ್ಞ ಅಂತ ಇಲ್ಲಿ ಇದ್ರೆ ಒಬ್ಬರೇ. ಅರ್ಥಾತ್, ಇವರು."

ದನಿ ಅಷ್ಟು ನಿಜವಾಗಿತ್ತೆಂದರೆ ಪೋಸ್ಟ್‌ಮಾಸ್ಟರು ಕುರ್ಚಿಯಿಂದ ಎದ್ದು ನಿಂತರು. ಹೆಂಡತಿ ಸೆರಗಿನ ತುದಿ ಹಿಡಿದು ಬೋರ್ಡನ್ನೇ ನೋಡಿದಳು. "ಸರಿ. ಇರ್ಲಿ. ಮಾತು ಮಾತೇ, ನಾನೇ ಒರೆಸ್ತೀನಿ. ಆದ್ರೆ ಆ ಕೊಕ್ಕೆ ಒಂದು ಹಾಕ್ಸಿ."

"ಹಾಕೋಕೆ ಇವನೇ ಇದ್ದಾನಲ್ಲ," ಎಂದು ಫ್ಯೂಸಣ್ಣ ಬಾಮೈದನ ಕೈಗೆ ಕುಂಚ ಕೊಟ್ಟ. "ಹತ್ತೋ. ಹುಟ್ಟಿದಾಗಿನಿಂದ ನನ್ನ ಕೆಲಸಕ್ಕೆಲ್ಲ ಕೊಕ್ಕೆ ಹಾಕ್ತಾ ಬಂದಿದ್ದೀಯ. ಇವತ್ತೊಂದು ದಿನ ಸರಿಯಾದ ಜಾಗಕ್ಕೆ ಹಾಕು."

ಗಿಳಿ ಏಣಿ ಹತ್ತಿದ. ಫ್ಯೂಸಣ್ಣ ಕೆಳಗೆ ಏಣಿ ಹಿಡಿದು ನಿಂತ. ಕುಂಚ ಥ ಅಕ್ಷರದ ನೆತ್ತಿ ತಲುಪಿತು. ಅಷ್ಟರಲ್ಲಿ ಫ್ಯೂಸಣ್ಣನ ಹುಬ್ಬು ಒಮ್ಮೆ ಹಾರಿತು. ನಿಂತಿತು. ಮತ್ತೊಮ್ಮೆ ಹಾರಿತು. ಟ್ಯೂಬ್‌ಲೈಟು ಹತ್ತುವಾಗ ಹಾಗೆಯೇ.

"ಲೋ, ಪ್ಯಾನೆಲ್ ಅಂದ್ರೆ... ಆ ಪೆಟ್ಟಿಗೆ ಅಲ್ವಾ? ವೇದಿಕೆ ಮೇಲೆ ಕೂತಿದ್ದ ಆ ದೊಡ್ಡ ಮನುಷ್ಯರಾ?"

"ಹೂಂ ಭಾವ."

"ಅರವತ್ತು ದಾಟಿದವರು ಅಂದ್ಯಲ್ಲ, ಅವರಾ?"

"ಹೂಂ ಭಾವ."

"ಅವರನ್ನಾ ನಾನು... ಕಿತ್ತು ಗುಜರಿಗೆ ಹಾಕಿ ಅಂದಿದ್ದು? ಒಂದೊಂದನ್ನೇ ಬಿಚ್ಚಿ ನೋಡ್ತೀನಿ ಅಂದಿದ್ದು?"

ದೀಪ ಪೂರ್ತಿ ಹತ್ತಿತು. ಫ್ಯೂಸಣ್ಣನ ಹೊಟ್ಟೆ ಮೊದಲು ನಕ್ಕಿತು, ಆಮೇಲೆ ಭುಜ, ಆಮೇಲೆ ಏಣಿ. ಏಣಿಯ ಮೇಲಿನ ಗಿಳಿ "ಭಾವಾ! ಭಾವಾ, ಗಟ್ಟಿಯಾಗಿ ಹಿಡ್ಕೊಳ್ಳಿ!" ಎಂದು ತನ್ನ ಸ್ವಂತ ದನಿಯಲ್ಲೇ ಕಿರುಚಿದ. ಕುಂಚ ಥದ ತಲೆಯಿಂದ ಜಾರಿ ಬೋರ್ಡಿನ ಅಂಚಿನವರೆಗೆ ಮಾರುದ್ದದ ಕೆಂಪು ಕೊಕ್ಕೆ ಎಳೆಯಿತು. ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು, ಮೇಷ್ಟ್ರು ನಕ್ಕರು, ಅಷ್ಟು ದಿನದಿಂದ ಮಾತಾಡದಿದ್ದ ಪಕ್ಕದ ಮನೆಯ ಹುಡುಗಿಯೂ ಗಂಡನ ಭುಜಕ್ಕೆ ತಲೆಯಿಟ್ಟು ನಕ್ಕಳು. ಆದರೆ ಅಷ್ಟೂ ಜನರ ನಗುವನ್ನು ಮೀರಿಸಿ ಬೀದಿಯ ಆ ತುದಿಯವರೆಗೆ ಕೇಳಿಸುತ್ತಿದ್ದದ್ದು ಏಣಿಯನ್ನೂ ಬಿಟ್ಟು, ಹೊಟ್ಟೆ ಹಿಡಿದು, ನೆಲದ ಮೇಲೆ ಕುಕ್ಕರಿಸಿ, ಕಣ್ಣೀರು ಒರೆಸಿಕೊಳ್ಳುತ್ತಿದ್ದ ಅರ್ಥ್ ತಜ್ಞರ ನಗು.